ಸ್ಟಾರ್ ಬೀಳದ ರಿಪೋರ್ಟು

2003ರಲ್ಲಿ ನಾನು ಮದರಾಸಿನ ರಾಯಪುರಂನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಆಯಾ. ನೆಲ ಒರೆಸುವುದು, ಸೀಸೆ ತೊಳೆಯುವುದು, ರಕ್ತದ ರಿಪೋರ್ಟು ಹಂಚುವುದು ನನ್ನ ಕೆಲಸ. ಓದಲು ಬರುತ್ತಿದ್ದದ್ದು ಹೆಸರು ಮತ್ತು ಅಂಕಿ, ಅಷ್ಟೇ. ರೋಗಿಯ ಅಂಕಿಯ ಪಕ್ಕದಲ್ಲಿ ನಾರ್ಮಲ್ ಎಷ್ಟು ಎಂದು ಅಚ್ಚಾಗಿರುತ್ತಿತ್ತು. ಅದನ್ನು ದಾಟಿದರೆ ಕಂಪ್ಯೂಟರು ಒಂದು ಸ್ಟಾರ್ ಹಾಕುತ್ತಿತ್ತು. ಸ್ಟಾರ್ ಇದ್ದವರನ್ನು ಡಾಕ್ಟರ ಹತ್ತಿರ ಕಳಿಸು, ಇಲ್ಲದವರನ್ನು ಮನೆಗೆ ಕಳಿಸು. ಇದು ನನಗಿದ್ದ ಆರ್ಡರು.

ಒಂದು ಬೆಳಿಗ್ಗೆ ನಮ್ಮ ಬೀದಿಯ ತಾಯಮ್ಮ ತನ್ನ ರಿಪೋರ್ಟಿಗೆ ಬಂದಳು. ಇಡ್ಲಿ ಮಾರುವವಳು, ಅರವತ್ತು ದಾಟಿದವಳು, ತೂಕ ಮೂವತ್ತಾರು ಕಿಲೋ. ಎರಡು ತಿಂಗಳಿಂದ ವಾಂತಿ, ಸುಸ್ತು. ರಿಪೋರ್ಟು ನೋಡಿದೆ.

"ಸ್ಟಾರ್ ಇಲ್ಲ ಕಣೇ, ಹೋಗು."

"ಹಂಗಾದ್ರೆ ಈ ಕಾಲು ಯಾರ್ದಕ್ಕಾ, ಪಕ್ಕದ್ಮನೆಯವ್ರದಾ?" ಎಂದು ಸೀರೆ ಎತ್ತಿ ತೋರಿಸಿದಳು. ಬೆರಳು ಒತ್ತಿದರೆ ಗುಂಡಿ ಬೀಳುವಷ್ಟು ಊತ.

ಬೀರುವಿನಿಂದ ಅವಳ ಹಳೆಯ ರಿಪೋರ್ಟು ತೆಗೆದೆ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕಬೇಕಾದ ಕಸ. ಆ ಸಾಲು ಯಾವುದೆಂದು ಹಂಚಿ ಹಂಚಿ ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ 0.5, ಈಗ 1.1. ನಾರ್ಮಲ್ 1.2ರವರೆಗೆ. ಮೈ ಉರಿಯಿತು. ಎರಡೂ ಕಾಗದ ಹಿಡಿದು, ತಾಯಮ್ಮನನ್ನು ಎಳೆದುಕೊಂಡು ಒಳಗೆ ನುಗ್ಗಿದೆ.

ಡಾಕ್ಟರು ಮದರಾಸಿನಲ್ಲೇ ಹುಟ್ಟಿದ ಕನ್ನಡದವರು. ತಲೆ ಎತ್ತಲಿಲ್ಲ. "ನಾರ್ಮಲ್ ತಾನೇಮ್ಮಾ, ಸುಮ್ನೆ ಯಾಕೆ ಟೆನ್ಶನ್?"

"ಯಾರ ನಾರ್ಮಲ್ಲು ಸಾರ್? ಹಾರ್ಬರಲ್ಲಿ ಮೂಟೆ ಹೊರೋನಿಗೂ ಈ ಕಡ್ಡಿಗೂ ಒಂದೇ ಅಳತೆನಾ? ಇವಳದು ಡಬಲ್ ಆಗಿದೆ, ನೋಡಿ!"

ಆಗ ನೋಡಿದರು. ಮುಖ ಇಳಿಯಿತು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ, ಮಾಂಸವೇ ಇಲ್ಲದವಳಿಗೆ 1.1 ಜಾಸ್ತಿಯೇ ಎಂದು ಈಗ ನನಗೆ ಪಾಠ ಹೇಳಿದರು. ಮೊದಲೇ ಎಲ್ಲಿ ಹೋಗಿತ್ತು ಈ ಪಾಠ? ಏನು ಮಾತ್ರೆ ತಗೋತೀಯಾ ಎಂದು ತಾಯಮ್ಮನನ್ನು ಕೇಳಿದರು. ಮಂಡಿನೋವಿಗೆ ಮೆಡಿಕಲ್ ಶಾಪಿನವನು ಕೊಟ್ಟದ್ದನ್ನು ಅವಳು ಎರಡು ತಿಂಗಳಿಂದ ಎರಡು ಹೊತ್ತೂ ನುಂಗುತ್ತಿದ್ದಳು. ಕಿಡ್ನಿ ಕೆಡಿಸುತ್ತಿರುವುದು ಆ ಮಾತ್ರೆಯೇ ಎಂದು ಅದನ್ನು ಅಲ್ಲೇ ನಿಲ್ಲಿಸಿ, ಅವತ್ತೇ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮೂರು ವಾರ ಕಳೆದ ಮೇಲೆ 0.7ಕ್ಕೆ ಇಳಿಯಿತು. ಇನ್ನೊಂದು ತಿಂಗಳು ತಡವಾಗಿದ್ದರೆ ಕಿಡ್ನಿ ಹೋಗುತ್ತಿತ್ತು ಎಂದರಂತೆ ಅಲ್ಲಿ.

ನನ್ನ ಸಿಟ್ಟು ಡಾಕ್ಟರ ಮೇಲೆ ಮಾತ್ರವಲ್ಲ. ಅಷ್ಟು ವರ್ಷ ಎಷ್ಟು ಜನರನ್ನು ಹೀಗೇ ಮನೆಗೆ ಕಳಿಸಿದೆನೋ, ನನಗೇ ಗೊತ್ತಿಲ್ಲ. ಆ ಕೆಲಸ ಕಲಿಸಿದ್ದು ಇಷ್ಟು: ಅಚ್ಚಾದ ಅಂಕಿ ಊರಿಗೆಲ್ಲ ಸೇರಿದ್ದು, ರೋಗಿಯದು ಅವಳ ಹಳೆಯ ಕಾಗದದಲ್ಲಿರುತ್ತದೆ. ತಾಯಮ್ಮ ಬಂದುಹೋದ ಮಾರನೇ ದಿನದಿಂದ, ಸ್ಟಾರ್ ಇರಲಿ ಬಿಡಲಿ, ಹಳೆಯದನ್ನು ಹೊಸದರ ಮೇಲೆ ಪಿನ್ನು ಹೊಡೆದೇ ಒಳಗೆ ಕಳಿಸಿದೆ. ಆಯಾಳಿಗೇಕೆ ಈ ಕೆಲಸ ಎಂದರು ಮ್ಯಾನೇಜರು. ಅವರ ಎದುರೇ ನಿಂತು ಇನ್ನೊಂದು ಪಿನ್ನು ಹೊಡೆದೆ.