ಎದುರಾಳಿಯ ಪಾರ್ಕಿನಲ್ಲಿ ನನ್ನ ಪಂಚೆ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಶಿರಸಿಯ ಯಲ್ಲಾಪುರ ರಸ್ತೆಯ ಪಕ್ಕ, ಹುಲ್ಲು ಬಿಟ್ಟು ಬೇರೇನೂ ಬೆಳೆಯದ ನಮ್ಮ ಬ್ಯಾಣದಲ್ಲಿ ಮಕ್ಕಳ ಪಾರ್ಕು ಮಾಡಿದೆ. ಕೈಯಲ್ಲಿ ತಿರುಗಿಸುವ ತೊಟ್ಟಿಲು, ಸಿಮೆಂಟಿನ ಕೊಳ, ಕೊಳಕ್ಕೆ ಬಂದು ಬೀಳುವ ನೀರಿನ ಜಾರುಬಂಡಿ. ಉದ್ಘಾಟನೆಯ ಭಾಷಣದಲ್ಲಿ "ಜಿಲ್ಲೆಗೇ ಮೊದಲನೆಯದು" ಎಂದೆ. ಜಿಲ್ಲೆಯನ್ನು ನಾನೇನೂ ಸುತ್ತಿ ನೋಡಿರಲಿಲ್ಲ.

ಮರುವರ್ಷ ಸಿದ್ದಾಪುರ ರಸ್ತೆಯಲ್ಲಿ ಇನ್ನೊಬ್ಬರು ಪಾರ್ಕು ತೆರೆದರು. ಅವರ ತೊಟ್ಟಿಲು ಮೋಟಾರಿನಲ್ಲಿ ತಿರುಗುತ್ತಿತ್ತು. ಅವರ ಜಾರುಬಂಡಿಯೋ, ಸುತ್ತಿ ಸುತ್ತಿ ಇಳಿಯುವ ಮುಚ್ಚಿದ ಕೊಳವೆ. ಭಾನುವಾರಗಳಲ್ಲಿ ನನ್ನ ಗೇಟಿನ ಮುಂದೆ ನಿಂತ ಟೆಂಪೋದವರು "ಸಿದ್ದಾಪುರ ರಸ್ತೆಯ ಪಾರ್ಕು ಎಲ್ಲಿ?" ಎಂದು ಕೇಳತೊಡಗಿದರು. ತಪ್ಪು ದಾರಿ ತೋರಿಸುವ ಆಸೆಯಾಗುತ್ತಿತ್ತು. ಅಷ್ಟು ಧೈರ್ಯ ನನಗೆಲ್ಲಿ, ತಿರುವಿನ ತನಕ ನಡೆದುಹೋಗಿ ಸರಿಯಾದ ದಾರಿಯನ್ನೇ ತೋರಿಸಿ ಬರುತ್ತಿದ್ದೆ.

ಅಷ್ಟರಲ್ಲಿ ಮಗಳ ಶಾಲೆಯ ಪ್ರವಾಸದ ಮಾತು ಬಂತು. ಎರಡರಲ್ಲಿ ಯಾವ ಪಾರ್ಕು ಎಂದು ಹೆಡ್‌ಮಾಸ್ತರರು ನಿರ್ಧರಿಸಬೇಕಿತ್ತು. ಸ್ವಂತ ಮಗಳ ಶಾಲೆಯೇ ಎದುರಾಳಿಯ ಕಡೆ ಹೋದರೆ ಶಿರಸಿ ಪೇಟೆಯಲ್ಲಿ ನಾನು ಮುಖ ಎತ್ತಿ ತಿರುಗುವುದು ಹೇಗೆ? ಆ ಕೊಳವೆಯಲ್ಲಿ ಅಂಥದ್ದೇನಿದೆ ನೋಡಿಕೊಂಡು ಬರೋಣವೆಂದು ಒಂದು ಭಾನುವಾರ ಮಗಳ ಕೈ ಹಿಡಿದು ಹೊರಟೆ. ಗುರುತು ಸಿಗಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡಿದ್ದೆ. ಪಂಚೆ ಮಾತ್ರ ನನ್ನ ಎಂದಿನ ಪಂಚೆಯೇ.

ಗೇಟಿನಲ್ಲಿ ಮಾಲೀಕರೇ ನಿಂತಿದ್ದರು.

"ಓ, ಭಾವ! ಬಾ, ಬಾ. ಆಸ್ರಿಗೆ ಎಂತ ಅಡ್ಡಿಲ್ಲೆ?"

ನಮ್ಮಲ್ಲಿ ಸಂಬಂಧ ಹುಡುಕಿ ಸಿಗದಿದ್ದರೆ ಓರಗೆಯವರೆಲ್ಲ ಭಾವಂದಿರೇ. ಬಂದವರಿಗೆ ಆಸರಿ, ಅಂದರೆ ಕುಡಿಯಲು ಏನಾದರೂ, ಕೊಡದೆ ಬಿಡುವಂತಿಲ್ಲ, ಬಂದವರು ಬೇಡವೆನ್ನುವಂತಿಲ್ಲ. ಬೇಹುಗಾರಿಕೆಗೆ ಬಂದ ನಾನು ಕುರ್ಚಿಯಲ್ಲಿ ಕೂತು ಕೋಕಂ ಪಾನಕ ಕುಡಿದೆ, ಎಲೆಯಡಿಕೆಯ ಕವಳ ಹಾಕಿದೆ. ಇಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ.

"ಇನ್ನು ಒಂದ್ಸಲ ಜಾರವು" ಎಂದರು ಭಾವ.

"ಬ್ಯಾಡ ಮಾರಾಯಾ, ಪಂಚೆ ಉಟ್ಕಂಡು ಬೈಂದೆ."

"ಬಂದ್ಮೇಲೆ ಜಾರ್ದೆ ಹೋಪಲೆ ಆಗ್ತಿಲ್ಲೆ. ಎಂಗೆ ಬೇಜಾರು."

ಊಟದ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಹೋಳಿಗೆ ಬಡಿಸುವಂತೆ ಅವರು ನನ್ನನ್ನು ಮೆಟ್ಟಿಲು ಹತ್ತಿಸಿದರು. ಉಪಚಾರಕ್ಕೆ ಇಲ್ಲವೆನ್ನಲು ನನಗೆ ಗೊತ್ತಿಲ್ಲ. ಕೂತೆ, ಜಾರಿದೆ. ಎರಡನೇ ತಿರುವಿನಲ್ಲಿ ನೀರು ಕುಡಿದ ಪಂಚೆ ಉಬ್ಬಿ ಕಾಲಿಗೆ ಸುತ್ತಿಕೊಂಡಿತು. ನಾನು ಬಾಟಲಿಗೆ ಬಿರಟೆ ಬಿಗಿದಂತೆ ಅಲ್ಲೇ ನಿಂತೆ. ಬೆನ್ನ ಹಿಂದೆ ನೀರು ತುಂಬುತ್ತಿತ್ತು. "ಯಾರೋ ಸಿಕ್ಕಿಬಿದ್ದಾರೆ" ಎಂಬ ಕೂಗು ಕೇಳಿಸಿತು. ಕೊನೆಗೆ ಭಾವನೇ ಮೇಲಿನಿಂದ ಜಾರಿ ಬಂದು ನನ್ನ ಬೆನ್ನಿಗೆ ಗುದ್ದಿದರು. ಎರಡು ಪಾರ್ಕಿನ ಮಾಲೀಕರೂ ಒಟ್ಟಿಗೆ ಕೊಳಕ್ಕೆ ಬಿದ್ದೆವು. ಪಂಚೆ ಸ್ವಲ್ಪ ತಡವಾಗಿ ಬಂತು.

ದಡದಲ್ಲಿ ನಿಂತು ನಗುತ್ತಿದ್ದವರಲ್ಲಿ ಹೆಡ್‌ಮಾಸ್ತರರೂ ಇದ್ದರು. ಅವರೂ ಪಾರ್ಕು ನೋಡಲು ಅದೇ ದಿನ ಬಂದಿದ್ದರು.

ಮಗಳು ಮನೆ ತಲುಪುವ ತನಕ ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು. ಪ್ರವಾಸ ಕೈ ತಪ್ಪಿತೆನ್ನುವುದಕ್ಕಿಂತ, ಅಪ್ಪನ ಬಗ್ಗೆ ಅವಳಿಗೆ ನಾಚಿಕೆಯಾಯಿತಲ್ಲ ಎಂಬುದೇ ನನ್ನನ್ನು ಹೆಚ್ಚು ಚುಚ್ಚಿತು. ಏನಾದರೂ ತಮಾಷೆ ಮಾಡೋಣವೆಂದರೆ ಒಂದೂ ಹೊಳೆಯಲಿಲ್ಲ.

ವಾರದ ನಂತರ ಹೆಡ್‌ಮಾಸ್ತರರು ಪಾರ್ಕಿಗೆ ಬಂದರು. ಅವರು ಹಾವೇರಿ ಕಡೆಯವರು. "ಸಾಲಿ ತುಂಬ ನಿಮ್ಮದೇ ಸುದ್ದಿ ನೋಡ್ರಿ. ಮಕ್ಕಳು ನಿಮ್ಮ ಪಾರ್ಕಿಗೇ ಬರ್ತಾರಂತ. ಆದ್ರ ನೀವೂ ಜಾರಬೇಕಂತ" ಎಂದರು.

ಪ್ರವಾಸದ ದಿನ ಭಾವನೂ ಬಂದರು. ನನ್ನ ಹೆಂಡತಿ ಅವರಿಗೆ ಆಸರಿ ಕೊಟ್ಟಳು. ಈ ಸಲ ಮರ್ಯಾದೆ ಉಳಿಸಿಕೊಳ್ಳಬೇಕೆಂದು ನಾನು ಪೇಟೆಯಿಂದ ಹೊಸ ನೈಲಾನ್ ಚಡ್ಡಿ ತಂದಿಟ್ಟಿದ್ದೆ. ಅದನ್ನು ಹಾಕಿಕೊಂಡು, ಕಟ್ಟಿಸಿದ ಮೇಲೆ ಒಮ್ಮೆಯೂ ಹತ್ತದ ನನ್ನದೇ ಜಾರುಬಂಡಿ ಹತ್ತಿದೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಕೆಳಗಿದ್ದೆ. ಎಲ್ಲೂ ಸಿಕ್ಕಲಿಲ್ಲ. ಎದ್ದು ನೋಡಿದರೆ ಇಡೀ ಶಾಲೆ ಸುಮ್ಮನೆ ನಿಂತಿತ್ತು. ಒಂದು ಮಗುವೂ ನಗಲಿಲ್ಲ. ಹಿಂದೆ ನಿಂತವರು ಆಗಲೇ ತೊಟ್ಟಿಲಿನ ಕಡೆ ತಿರುಗಿದ್ದರು.

ಮಗಳು ಗುಂಪಿನಿಂದ ಹೊರಬಂದು ನನ್ನ ಒದ್ದೆ ಕೈ ಹಿಡಿದಳು.

"ನೀ ಸಿಕ್ಕಿಬಿದ್ದ ಕಥೆ ಎಲ್ಲರ ಹತ್ರನೂ ಆನೇ ಹೇಳಿಟ್ಟಿದ್ದೆ ಅಪ್ಪಾ. ಪಂಚೆ ಉಟ್ಕಂಡು ಬಾ."

ನಾನು ಒಳಗೆ ಹೋಗಿ ಪಂಚೆ ಉಟ್ಟುಕೊಂಡು ಬಂದೆ.