ಕ್ಯಾತನಿಗೆ ದನಿ ಕೊಟ್ಟ ಆಯಿ

ಗೊಂಬಿ ಆಯಿಯ ಎಡಗಾಲ ಹಿಮ್ಮಡಿ ಕೊರಡಿನಷ್ಟು ಗಟ್ಟಿ. ತೊಗಲುಗೊಂಬೆಯಾಟದ ಪರದೆಯ ಹಿಂದೆ, ಯುದ್ಧದ ಸನ್ನಿವೇಶ ಬಂದಾಗಲೆಲ್ಲ ಸದ್ದಿಗಾಗಿ ಹಲಗೆ ತುಳಿದು ತುಳಿದು ಹಾಗಾಗಿತ್ತು. ಗಂಡ ಗೊಂಬೆ ಕುಣಿಸಿದರೆ ಮಾತು ಕೊಡುವವಳು ಈಕೆ. ಸೀತೆಯ ಮಾತಿಗಿಂತ ಆಕೆಗೆ ಇಷ್ಟ ಕ್ಯಾತನ ಮಾತು. ಕ್ಯಾತನೆಂದರೆ ಆಟದ ನಡುವೆ ನುಗ್ಗುವ ಡೊಳ್ಳುಹೊಟ್ಟೆಯ ಕರಿ ಗೊಂಬೆ, ರಾಮನಿಗೂ ಹೆದರದ ತುಂಟ. ದೂರದ ದೇಶಗಳ ಗೊಂಬೆಯಾಟದಲ್ಲೂ ದೊಡ್ಡವರ ಕಾಲೆಳೆಯುವ ಇಂಥವನೊಬ್ಬ ಇರುತ್ತಾನೆಂದು ಆಮೇಲೆ ಓದಿದೆ. ಆದರೆ ಅವರ್ಯಾರೂ ಆಟಕ್ಕೆ ಮುಂಚೆ ನಮ್ಮ ಅಡುಗೆಮನೆಗೆ ಬಂದು ಚಹಾ ಕುಡಿದವರಲ್ಲ!

ಆಯಿ ಮಾತ್ರ ಬಂದು ಚಹಾ ಕುಡಿಯುತ್ತಿದ್ದಳು. ಜೋಳ ಕೇಳುವ ನೆಪದಲ್ಲಿ ಮನೆಮನೆ ಸುತ್ತಿ, ಊರ ಸುದ್ದಿಯನ್ನೆಲ್ಲ ಉಡಿಗೆ ಹಾಕಿಕೊಂಡು ಹೋಗುತ್ತಿದ್ದಳು. ಸಂಜೆ ಅದೆಲ್ಲ ಕ್ಯಾತನ ಬಾಯಲ್ಲಿ. ಅವನ ಮಾತಿಗೆ ಸಿಟ್ಟಾಗುವಂತಿಲ್ಲ; ಸಿಟ್ಟಾದವನನ್ನು ಊರು ವರ್ಷವಿಡೀ ಆಡಿಕೊಳ್ಳುತ್ತಿತ್ತು.

ಒಂದು ವರ್ಷ ಅವರ ಆಟದ ಹೊತ್ತಿಗೆ ನಾನು ಆಗಷ್ಟೇ ಪಿಯುಸಿ ಪಾಸಾಗಿದ್ದೆ. ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವ ಆಸೆ. ಊರ ಗೌಡನಾದ ಅಪ್ಪನದು ಒಂದೇ ಮಾತು: "ಮಂದಿ ಏನಂದಾರು?" ಒಲೆಯ ಮುಂದೆ ಅಳುತ್ತ ಕೂತಿದ್ದ ನನ್ನನ್ನು ನೋಡಿ ಆಯಿ, "ಹುಚ್ಚಿ, ನೀ ಅತ್ತರ ನಿಮ್ಮಪ್ಪ ಕರಗೂದಿಲ್ಲ. ಅಂವಾ ನಕ್ಕರ ಕರಗ್ತಾನ," ಎಂದು ಚಹಾ ಮುಗಿಸಿ ಎದ್ದಳು.

ಸಂಜೆ ಪರದೆಯ ಮೇಲೆ ಕ್ಯಾತ ತನ್ನ ಹೆಂಡತಿಯನ್ನು ಹೊಸ್ತಿಲು ದಾಟಗೊಡಲಿಲ್ಲ. ಮಂದಿ ಏನಂದಾರು ಎಂದು ನೀರಿಗೆ ತಾನೇ ಹೋದ, ಸಗಣಿ ಕುಳ್ಳು ತಟ್ಟಲು ತಾನೇ ಕೂತ. ಕೊನೆಗೆ ಅವಳಿಗೆ ಹೆರಿಗೆ ನೋವು ಬಂತು.

"ಅಯ್ಯಯ್ಯ, ಮಂದಿ ಏನಂದಾರು! ನೀ ಮನ್ಯಾಗ ಇರು. ದವಾಖಾನಿಗೆ ನಾನ ಹೋಗಿ ಹಡದು ಬರ್ತೇನಿ!" ಎಂದು ಡೊಳ್ಳುಹೊಟ್ಟೆ ಕುಣಿಸುತ್ತ ಹೊರಟ ಕ್ಯಾತ, ಪರದೆಯ ಅಂಚಿನಲ್ಲಿ ನಿಂತು ಕೂಗಿದ: "ಗೌಡ್ರ, ಒಬ್ಬಾಂವಗ ಅಂಜಿಕಿ ಬರ್ತೈತ್ರಿ. ನೀವೂ ಜೋಡಿ ಬರ್ರಿ!"

ಊರಿಗೆ ಊರೇ ಅಪ್ಪನ ಕಡೆ ತಿರುಗಿತು. ಅಪ್ಪ ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮರುದಿನ ಅವ್ವನಿಗೆ, "ಬಾಗಲಕೋಟಿ ಬಸ್ಸು ಎಷ್ಟಕ್ಕೈತಿ ಕೇಳು," ಎಂದ.

ಈಗ ನಾನು ಹುನಗುಂದದಲ್ಲಿ ಟೀಚರ್. ನೌಕರಿ ಸಿಕ್ಕಾಗ ಆಯಿಗೆ ಇಳಕಲ್ ಸೀರೆ ಒಯ್ದಿದ್ದೆ. "ನಾ ಏನ್ ಮಾಡೇನಿ? ಅಂದಾಂವ ಕ್ಯಾತ. ಅವಂಗ ಉಡಸು," ಎಂದಳು. ಸೀರೆಯನ್ನು ಮಾತ್ರ ಕೈಬಿಡಲಿಲ್ಲ. ಆಕೆಯ ಋಣ ಸೀರೆಯಿಂದ ತೀರುವಂಥದ್ದೂ ಅಲ್ಲ.

ಹೋದ ವರ್ಷ ಆಯಿ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ.

"ಊರಾಗ ಎಲ್ಲಾರೂ ನನಗ ಹೌದ್ರಿ ಅನ್ನಾವ್ರ," ಎಂದ. "ಇನ್ನ ನನ್ನ ಬೈಯಾವ್ರು ಯಾರದಾರವಾ?"