ಒಂದು ಕಂಬ ಜೋರು, ಎರಡು ಕಂಬ ನಿಧಾನ

ಕರಿಹಲಗೆಯ ಮೇಲೆ ನಾನೇ ಬರೆದ ಲೆಕ್ಕ ನನಗೇ ಮಸುಕಾಗಿ ಕಂಡಿತು.

ತೊಂಬತ್ತರ ದಶಕದ ಆರಂಭ. ಭಾವಿಕೇರಿಯ ಶಾಲೆಯಲ್ಲಿ ನಾನು ಮೂರನೇ ತರಗತಿಯ ಅಕ್ಕೋರು. ವಯಸ್ಸು ನಲವತ್ನಾಲ್ಕು. ಕನ್ನಡಕ ಬೇಕಾಯಿತೇನೋ ಅಂದುಕೊಂಡೆ. ಆದರೆ ಒಂದು ಪಾಠ ಮುಗಿಯುವುದರೊಳಗೆ ಎರಡು ಸಲ ನೀರು ಕುಡಿಯುತ್ತಿದ್ದೆ. ರವಿಕೆಗಳೆಲ್ಲ ಸಡಿಲವಾಗಿದ್ದವು. ಸಂಜೆ ಮನೆಗೆ ಬಂದವಳು ಚೀಲ ಇಟ್ಟು ಜಗಲಿಯ ಮೇಲೇ ಮಲಗಿಬಿಡುತ್ತಿದ್ದೆ.

ಅಂಕೋಲೆಯ ಲ್ಯಾಬಿನಲ್ಲಿ ನನ್ನ ಮೂತ್ರದ ಹನಿ ಬಿದ್ದ ಟೆಸ್ಟ್ ಟ್ಯೂಬಿನ ನೀಲಿ ದ್ರಾವಣ ಬಿಸಿಯಾಗುತ್ತಾ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಬ್ಲಡ್ ರಿಪೋರ್ಟ್ ಕೂಡ ಅದನ್ನೇ ಹೇಳಿತು.

ಶುಗರ್.

ಆ ಶಬ್ದ ನನಗೆ ಹೊಸದಲ್ಲ. ಕಾರವಾರದಲ್ಲಿರುವ ನನ್ನ ಅಕ್ಕನಿಗೆ ಅದು ಬಂದು ಆರು ವರ್ಷವಾಗಿತ್ತು. ಕಾಲಿಗೆ ಚಿಪ್ಪು ತಾಗಿ ಆದ ಗಾಯ ಮಾಯಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವಳ ಎಡಪಾದವನ್ನೇ ತೆಗೆದಿದ್ದರು. ರಿಪೋರ್ಟ್ ಕೈಗೆ ಬಂದ ದಿನ ನಾನು ಮೊದಲು ಬಗ್ಗಿ ನೋಡಿಕೊಂಡದ್ದು ನನ್ನ ಕಾಲುಗಳನ್ನು.

ಒಂದು ವರ್ಷ ಮಾತ್ರೆ ನುಂಗಿದೆ. ಅನ್ನ ಕಡಿಮೆ ಮಾಡಿದೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ಶುಗರ್ ಇಳಿಯಲಿಲ್ಲ. ಕೊನೆಗೆ ಕಾರವಾರದ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದೆ. ಅವರು ಬಿಪಿ ನೋಡಿದರು, ಇಸಿಜಿ ತೆಗೆಸಿದರು, ಪಾದಗಳನ್ನು ಒತ್ತಿ ಒತ್ತಿ ಪರೀಕ್ಷಿಸಿದರು. ಆಮೇಲೆ ಹೇಳಿದರು:

"ನಿಮ್ಮ ಹೃದಯ ಗಟ್ಟಿ ಇದೆ, ಅದಕ್ಕೇ ಹೇಳ್ತಿದ್ದೇನೆ. ಸುಮ್ಮನೆ ನಡೆದರೆ ಸಾಲದು. ಸ್ವಲ್ಪ ದೂರ ಮಾತಾಡಲೂ ಆಗದಷ್ಟು ಜೋರಾಗಿ ನಡೀರಿ. ಮತ್ತೆ ಉಸಿರು ತಿರುಗುವವರೆಗೆ ನಿಧಾನ. ಮತ್ತೆ ಜೋರು."

"ಹೀಗೆ ಎಷ್ಟು ಸಲ?"

"ಮೊದಲು ನಾಲ್ಕು. ಆಮೇಲೆ ಹೆಚ್ಚಿಸೋಣ."

ರಸ್ತೆ ಬದಿಯ ವಿದ್ಯುತ್ ಕಂಬಗಳೇ ನನ್ನ ಅಳತೆಯಾದವು. ಒಂದು ಕಂಬ ಜೋರು, ಎರಡು ಕಂಬ ನಿಧಾನ. ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯುವ ನನ್ನನ್ನು ನೋಡಿ ಗದ್ದೆಗೆ ಹೋಗುವ ಹೆಂಗಸರು, "ಅಕ್ಕೋರೆ, ಬಸ್ಸು ತಪ್ತಾ?" ಎಂದು ಕೇಳುತ್ತಿದ್ದರು. ಮುಂದಿನ ಕಂಬದಲ್ಲಿ ನಿಧಾನವಾದರೆ, "ಬಸ್ಸು ಹೋಯ್ತು ಕಾಣ್ತದೆ" ಎಂದು ಅವರವರೇ ಹೇಳಿಕೊಳ್ಳುತ್ತಿದ್ದರು. ನಾಚಿಕೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ದಣಿವು. ಎದೆ ಹೊಡೆದುಕೊಳ್ಳುತ್ತಿತ್ತು, ಮೀನಖಂಡ ಕಲ್ಲಿನಂತೆ ಬಿಗಿಯುತ್ತಿತ್ತು. ಆಮೇಲೆ ಶಾಲೆಯಲ್ಲಿ ಇಡೀ ದಿನ ನಿಲ್ಲಬೇಕು.

ಮೂರನೇ ವಾರ ಒಂದು ಬೆಳಿಗ್ಗೆ ಮಾತ್ರೆ ನುಂಗಿ, ವಾಪಸ್ ಬಂದು ತಿಂಡಿ ತಿಂದರಾಯಿತೆಂದು ಹೊರಟೆ. ಮೂರನೇ ಸಲದ ಜೋರು ನಡಿಗೆಯಲ್ಲಿ ಕೈ ನಡುಗತೊಡಗಿತು. ಮೈಯೆಲ್ಲ ತಣ್ಣನೆಯ ಬೆವರು.

ರಸ್ತೆಯಲ್ಲೇ ಕುಸಿದೆ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಹೊರೆ ಇಳಿಸಿ, ಪಕ್ಕದ ಮನೆಯಿಂದ ಬೆಲ್ಲದ ನೀರು ತಂದು ಕುಡಿಸಿದಳು. ಸುದ್ದಿ ತಿಳಿದು ಡಿಪೋದಿಂದ ಧಾವಿಸಿ ಬಂದ ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು. "ಸಾಕು ಇದು. ಮಾತ್ರೆ ತಕಂಡು ಮನೇಲಿ ಕೂತ್ಕ" ಅಂದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಸಮಾಧಾನವಾಯಿತು. ಬಿಡುವುದಕ್ಕೆ ಒಂದು ಕಾರಣ ಸಿಕ್ಕಿತ್ತು.

ಖಾಲಿ ಹೊಟ್ಟೆಗೆ ಶುಗರ್ ತೀರಾ ಇಳಿದುಬಿಟ್ಟಿತ್ತು ಎಂದು ಡಾಕ್ಟರ್ ಮಾತ್ರೆಯ ಡೋಸ್ ಕಡಿಮೆ ಮಾಡಿದರು. ಏನಾದರೂ ತಿಂದೇ ಹೊರಡಬೇಕು, ಸಕ್ಕರೆ ಹತ್ತಿರ ಇರಬೇಕು, ಒಬ್ಬಳೇ ಹೋಗಬಾರದು ಎಂದರು. ಗಂಡನಿಗೆ ಬೆಳಿಗ್ಗೆ ಆರಕ್ಕೇ ಬಸ್ ಡಿಪೋ ಡ್ಯೂಟಿ. ಇನ್ನು ಯಾರು ಬರುತ್ತಾರೆ?

"ನಾ ಹೋಗ್ತೆ ಅವಳ ಸಂಗಡ" ಎಂದರು ಅತ್ತೆ.

ಅರವತ್ತೆಂಟು ದಾಟಿದ ಜೀವ. ಮೊದಲೆಲ್ಲ ತರಕಾರಿ ಬುಟ್ಟಿ ತಲೆಯ ಮೇಲಿಟ್ಟು ಅಂಕೋಲೆ ಪೇಟೆಗೆ ನಡೆದೇ ಹೋಗಿ ಬರುತ್ತಿದ್ದವರು. "ಕೆಲಸ ಇಲ್ದೆ ನಡೂದು ಇದೇ ಮೊದಲು ಕಂಡೆ" ಎಂದು ಗೊಣಗುತ್ತಲೇ ಬಂದರು. ಅವರು ತಮ್ಮ ಪಾಡಿಗೆ ಒಂದೇ ನಡಿಗೆಯಲ್ಲಿ ಬರುವುದು, ನಾನು ಜೋರಾಗಿ ಮುಂದೆ ಹೋಗಿ ನಿಧಾನವಾಗುವುದು, ಅವರು ಬಂದು ಕೂಡಿಕೊಳ್ಳುವುದು. ನಾನು ಏದುಸಿರು ಬಿಡುವಾಗ ಅವರು ನನ್ನ ಮುಖ ನೋಡುತ್ತಿದ್ದರು, ಬೆವರು ನಡಿಗೆಯದ್ದೋ ಆ ದಿನದಂಥ ತಣ್ಣನೆಯದ್ದೋ ಎಂದು ತಿಳಿಯಲು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾವಿಬ್ಬರು ಅಷ್ಟು ಹೊತ್ತು ಜೊತೆಗಿದ್ದದ್ದು ಅದೇ ಮೊದಲು.

ಆರು ತಿಂಗಳ ಮೇಲೆ ಡಾಕ್ಟರ್ ರಿಪೋರ್ಟ್ ನೋಡಿ, "ಇಳಿದಿದೆ. ಹೋಗಿಲ್ಲ" ಎಂದರು.

"ಇನ್ನೂ ಎಷ್ಟು ದಿನ ಹೀಗೆ?"

"ಕಾಲು ನಡೆಯುವವರೆಗೆ."

ಯಾಕೋ ಬಹಳ ಸುಸ್ತೆನಿಸಿತು. ಕಾಯಿಲೆ ಎಂದರೆ ಬಂದು ಹೋಗುವುದು ಎಂದುಕೊಂಡಿದ್ದವಳು ನಾನು. ಇದು ದಿನವೂ ಬಾಗಿಲಲ್ಲಿ ನಿಂತು ಕರೆಯುತ್ತದೆ; ಹಬ್ಬ, ಮಳೆ, ಸೂತಕ ಯಾವುದೂ ಅದಕ್ಕಿಲ್ಲ.

ಬಸ್ಸಿಗೆ ಹೊತ್ತಿತ್ತು. ಅಕ್ಕನ ಮನೆಗೆ ಹೋದೆ. ಅವಳು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. "ಕಾಲು ನಡೆಯುವವರೆಗೆ ಬಿಡುವ ಹಾಗಿಲ್ಲವಂತೆ. ಬೇಜಾರು ಬಂದುಬಿಟ್ಟಿದೆ" ಅಂದುಬಿಟ್ಟೆ. ಹೇಳಿದ ಮೇಲೆ ಯಾರಿಗೆ ಹೇಳಿದೆನೆಂದು ಹೊಳೆಯಿತು. ಅವಳ ಪಾದವಿಲ್ಲದ ಎಡಗಾಲು ಕಣ್ಣಿಗೆ ಬಿದ್ದು ತಲೆ ತಗ್ಗಿಸಿದೆ.

ಅಕ್ಕ ಮೊರದಿಂದ ಕಣ್ಣೆತ್ತಲಿಲ್ಲ.

"ಯಾವ ಕಾಲು ನೋಯ್ತದೆ ತಂಗಿ?"

"ಎರಡೂ."

ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಎರಡೂ ನೋಯ್ಲಿ" ಅಂದಳು.